ತೆಂಗು–ಕಂಗುಗಳ ಸಂಶೋಧನಾಲಯ

ಮಂಗಳೂರಿನಿಂದ ನೇತ್ರಾವತಿಯನ್ನು ದಾಟಿ ದಕ್ಷಿಣಾಭಿಮುಖವಾಗಿ ಸುಮಾರು 50 ಕಿಲೋಮೀಟರು ಸಾಗಿದರೆ ಕಾಸರಗೋಡು. ಪೂರ್ವದ ಒಳನಾಡಿಗೆ ಸುಮಾರು 40 ಕಿಲೋಮೀಟರು ಸಾಗಿದರೆ ವಿಟ್ಲ. ಈ ಎರಡು ಊರುಗಳಲ್ಲಿಯೂ ತೆಂಗು, ಕಂಗುಗಳ ತೋಟಗಳ ನಡುವೆ ಒಂದು ರಾಷ್ಟ್ರೀಯ ಸಂಶೋಧನಾ ಸಂಸ್ಥೆಯ ಪ್ರಯೋಗಶಾಲೆಗಳಿವೆ. ಕಾಸರಗೋಡಿನಲ್ಲಿರುವುದು ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಮುಖ್ಯಸ್ಥಾನ. ವಿಟ್ಲದಲ್ಲಿರುವುದು ಅದರ ಪ್ರಾದೇಶಿಕ ಕೇಂದ್ರ. ನಮ್ಮ ಜಿಲ್ಲೆಯ ವಿದ್ಯಾರ್ಥಿಗಳಲ್ಲಿ ಅನೇಕರು ಆ ಗೇಟುಗಳ ಮುಂದಿನಿಂದ ಬಸ್ಸಿನಲ್ಲಿ ಹಾದುಹೋಗಿರುತ್ತಾರೆ. ಒಳಗೆ ನಡೆಯುವುದೇನೆಂದು ಕೇಳಿದರೆ, “ಅಲ್ಲಿ ಒಳ್ಳೆಯ ಸಸಿ ಸಿಗುತ್ತದೆ” ಎಂಬ ಉತ್ತರ ಸಾಮಾನ್ಯವಾಗಿ ದೊರೆಯುವುದುಂಟು. ಉತ್ತರವು ತಪ್ಪಲ್ಲ. ಆದರೆ ಆ ಒಂದು ಸಸಿಯ ಹಿಂದೆ ನೂರು ವರ್ಷಗಳಿಗೂ ಮಿಕ್ಕಿದ ಇತಿಹಾಸವಿದೆ. ವಿಜ್ಞಾನದ ವಿದ್ಯಾರ್ಥಿಗಳು ಅವಶ್ಯವಾಗಿ ಅರಿತುಕೊಳ್ಳಬೇಕಾದ ಒಂದು ಕಠಿಣ ಸಮಸ್ಯೆಯೂ ಇದೆ.

ಆ ಸಮಸ್ಯೆ ಯಾವುದು? ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ಲೋಲಕದ ಆಂದೋಲನ ಕಾಲವನ್ನು ಅಳೆಯುವಾಗ ನಾವು ಒಂದು ಗಂಟೆಯೊಳಗೆ ಹತ್ತು ಬಾರಿ ಅಳತೆಯನ್ನು ಪುನರಾವರ್ತಿಸಬಲ್ಲೆವು. ಒಂದು ಅಳತೆ ಸಂದೇಹಾಸ್ಪದವಾಗಿ ಕಂಡರೆ ಮತ್ತೊಮ್ಮೆ ಅಳೆಯಬಹುದು. ಭತ್ತದ ಸಂಶೋಧಕನು ವರ್ಷಕ್ಕೆ ಎರಡು ಬೆಳೆಯನ್ನಾದರೂ ತೆಗೆದು ಪ್ರಯೋಗವನ್ನು ಮರಳಿ ಮಾಡಬಲ್ಲನು. ತೆಂಗಿನ ಸಂಶೋಧಕನಿಗೆ ಈ ಸೌಕರ್ಯವಿಲ್ಲ. ಇಂದು ಎರಡು ಮರಗಳನ್ನು ಕೂಡಿಸಿ ಸಂಕರ ಮಾಡಿದನೆಂದು ಇಟ್ಟುಕೊಳ್ಳೋಣ. ಆ ಕಾಯಿ ಬಲಿಯಲು ಒಂದು ವರ್ಷ. ಮೊಳೆತು ನೆಡುವ ಸಸಿಯಾಗಲು ಸುಮಾರು ಇನ್ನೊಂದು ವರ್ಷ. ಹೊಂಬಾಳೆ ಬಿಡಲು ನಾಲ್ಕರಿಂದ ಏಳು ವರ್ಷ. ಇಳುವರಿ ಒಂದು ಹದಕ್ಕೆ ಬಂದು ನಿಲ್ಲಲು ಮತ್ತೂ ಕೆಲವು ವರ್ಷ. ಹಾಗೆ ನಿಂತ ಇಳುವರಿಯನ್ನು ಎಣಿಸಿ ನಂಬಲು ಕನಿಷ್ಠ ನಾಲ್ಕು ವರ್ಷ. ಒಂದೇ ಒಂದು ಪ್ರಶ್ನೆಗೆ ಉತ್ತರ ದೊರೆಯುವಷ್ಟರಲ್ಲಿ ಹದಿನೈದು ವರ್ಷಗಳು ಸಂದಿರುತ್ತವೆ. ಎರಡನೆಯ ಪ್ರಶ್ನೆಯನ್ನು ಕೇಳಿದವನು ಉತ್ತರ ಬರುವ ಮುನ್ನವೇ ನಿವೃತ್ತನಾಗಿರುವುದೂ ಸಂಭವ. ಆದುದರಿಂದ ಇಂಥ ಬೆಳೆಗಳ ಸಂಶೋಧನೆ ಒಬ್ಬ ವ್ಯಕ್ತಿಯ ಕೆಲಸವಾಗಿ ನಡೆಯಲಾರದು. ತಲೆಮಾರಿನಿಂದ ತಲೆಮಾರಿಗೆ ದಾಖಲೆಯ ಪುಸ್ತಕಗಳನ್ನು ಕೈದಾಟಿಸುವ ಒಂದು ಸಂಸ್ಥೆ ಅದಕ್ಕೆ ಬೇಕೇ ಬೇಕು.

ಸ್ಥಾಪನೆ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಯುರೋಪಿನ ಕಾರ್ಖಾನೆಗಳು ಕೊಬ್ಬರಿ ಎಣ್ಣೆಯಿಂದ ಸಾಬೂನನ್ನೂ ತಿನ್ನುವ ಕೊಬ್ಬನ್ನೂ ತಯಾರಿಸತೊಡಗಿದ್ದುವು. ಅದುವರೆಗೆ ಮನೆಯ ಅಡಿಗೆಗೂ ದೀಪಕ್ಕೂ ತಲೆಗೂ ಬಳಕೆಯಾಗುತ್ತಿದ್ದ ಕಾಯಿಗೆ ಜಗತ್ತಿನ ವ್ಯಾಪಾರದಲ್ಲಿ ಸ್ಥಾನ ದೊರೆಯಿತು. ಆಗ ಕಾಸರಗೋಡು ಮದರಾಸು ಆಧಿಪತ್ಯಕ್ಕೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕಾಗಿತ್ತು. ಜಿಲ್ಲೆಯ ಮುಖ್ಯಸ್ಥಾನ ಮಂಗಳೂರು. 1916ರಲ್ಲಿ ಮದರಾಸು ಸರಕಾರವು ಈ ಕರಾವಳಿಯಲ್ಲಿ ತೆಂಗಿನ ಸಂಶೋಧನೆಗೆಂದೇ ಕೇಂದ್ರಗಳನ್ನು ತೆರೆಯಿತು. ಕಾಸರಗೋಡಿನದು ಅವುಗಳಲ್ಲೊಂದು, ಪಿಲಿಕೋಡು, ನೀಲೇಶ್ವರಗಳ ಕೇಂದ್ರಗಳು ಅದರ ಒಡಹುಟ್ಟುಗಳು. ತೆಂಗಿನ ಸಂಶೋಧನೆಗಾಗಿಯೇ ಮೀಸಲಾದ ಕೇಂದ್ರಗಳಲ್ಲಿ ಜಗತ್ತಿನಲ್ಲೇ ಮೊದಲನೆಯವು ಇವೆಂದು ಹೇಳುವುದು ವಾಡಿಕೆ.

ಒಂದೇ ಬೆಳೆಗೆ ಒಂದಕ್ಕಿಂತ ಹೆಚ್ಚು ಕೇಂದ್ರಗಳೇಕೆ ಬೇಕು ಎಂದು ಓದುಗರು ಕೇಳಬಹುದು. ನಮ್ಮ ಕರಾವಳಿಯ ಮಣ್ಣು ಒಂದೇ ಬಗೆಯದಲ್ಲ. ಕಡಲ ತಡಿಯಲ್ಲಿ ನೀರು ನಿಲ್ಲದ ಬಿಳಿ ಮರಳು; ಸ್ವಲ್ಪ ಒಳಗೆ ಬಂದರೆ ಕೆಂಪು ಮರಳುಗೂಡಿದ ಮಣ್ಣು; ಗುಡ್ಡದ ಮೇಲೆ ಮುರಕಲ್ಲು. ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಸುರಿಯುವ ಮಳೆ ಈ ಮಣ್ಣಿನ ಸಾರವನ್ನೆಲ್ಲ ತೊಳೆದು ಸಮುದ್ರಕ್ಕೆ ಸಾಗಿಸುತ್ತದೆ. ಆ ಮಳೆಯಲ್ಲಿ ಹೆಚ್ಚಿನ ಪಾಲು ನಾಲ್ಕೇ ತಿಂಗಳಲ್ಲಿ ಬಿದ್ದು, ಉಳಿದ ಕಾಲದಲ್ಲಿ ಮರವು ಬಾಯಾರಿ ನಿಲ್ಲಬೇಕಾಗುತ್ತದೆ. ಒಂದು ಮಣ್ಣಿನಲ್ಲಿ ಕಂಡುಕೊಂಡ ಗೊಬ್ಬರದ ಪ್ರಮಾಣ ಇನ್ನೊಂದರಲ್ಲಿ ಸಲ್ಲದಿರಬಹುದು. ಹೀಗಿರುವಲ್ಲಿ ಒಂದೇ ತೋಟದ ಫಲಿತಾಂಶವನ್ನು ನೆಚ್ಚುವುದು ಯುಕ್ತವಲ್ಲ.

ಮರದೊಳಗಿನ ಗಡಿಯಾರ

ಮೊದಲ ದಶಕಗಳ ಸಂಶೋಧಕರು ಮಾಡಿದ ಅತ್ಯಂತ ಉಪಯುಕ್ತ ಕೆಲಸವೆಂದರೆ ಮರವನ್ನು ಅರಿತುಕೊಂಡದ್ದು. ಬೆಳೆದ ಎತ್ತರ ತಳಿಯ ತೆಂಗು ವರ್ಷಕ್ಕೆ ಸುಮಾರು ಹನ್ನೆರಡು ಮಡಲುಗಳನ್ನು, ಎಂದರೆ ತಿಂಗಳಿಗೆ ಹೆಚ್ಚುಕಡಿಮೆ ಒಂದರಂತೆ, ಬಿಚ್ಚುತ್ತದೆ. ಪ್ರತಿಯೊಂದು ಮಡಲಿನ ಕಂಕುಳಲ್ಲಿ ಒಂದು ಹೊಂಬಾಳೆ. ಮರದ ತಲೆಯಲ್ಲಿ ನಮ್ಮ ಕಣ್ಣಿಗೆ ಕಾಣುವ ಮಡಲುಗಳು ಮೂವತ್ತು–ನಲವತ್ತಾದರೆ, ಸುಳಿಯ ಒಳಗೆ ಮಡಚಿಕೊಂಡು ಬೆಳೆಯುತ್ತಿರುವವು ಸುಮಾರು ಅಷ್ಟೇ ಇರುತ್ತವೆ.

ಹೊಂಬಾಳೆಯ ಮೊಳಕೆ ಸುಳಿಯೊಳಗೆ ರೂಪುಗೊಳ್ಳುವುದು ಅದು ಬಿರಿಯುವುದಕ್ಕೆ ಸುಮಾರು 32 ತಿಂಗಳು ಮೊದಲು. ಬಿರಿದು ಕಾಯಿಕಚ್ಚಿದ ಬಳಿಕ ಕಾಯಿ ಬಲಿಯಲು ಇನ್ನೂ 12 ತಿಂಗಳು ಬೇಕು. ಒಟ್ಟು 44 ತಿಂಗಳು. ಅರ್ಥಾತ್, ಈ ತಿಂಗಳು ನಾವು ಕೀಳುವ ಕಾಯಿಯ ಜೀವನ ಆರಂಭವಾದದ್ದು ಮೂರುವರೆ ವರ್ಷಗಳಿಗೂ ಹಿಂದೆ. ಈ ವರ್ಷದ ಬೇಸಗೆಯಲ್ಲಿ ನೀರಿಲ್ಲದೆ ಮರ ಬಳಲಿತೆಂದು ಭಾವಿಸೋಣ. ಆ ಕಾಲಕ್ಕೆ ಬಲಿಯುತ್ತಿದ್ದ ಕಾಯಿ ಚಿಕ್ಕದಾಗುತ್ತದೆ, ಎಳೆಯ ಮಿಡಿ ಉದುರುತ್ತದೆ, ಅಷ್ಟಕ್ಕೇ ಮುಗಿಯುವುದಿಲ್ಲ. ಸುಳಿಯೊಳಗೆ ಅಡಗಿರುವ ಹೊಂಬಾಳೆಗಳಲ್ಲಿ ಕೆಲವು ಸಾಯುತ್ತವೆ, ಕೆಲವಲ್ಲಿ ಹೆಣ್ಣುಹೂಗಳ ಸಂಖ್ಯೆ ತಗ್ಗುತ್ತದೆ. ಅದರ ಪರಿಣಾಮ ಇಳುವರಿಯಲ್ಲಿ ಕಾಣಿಸಿಕೊಳ್ಳುವುದು ಮುಂದಿನ ವರ್ಷಗಳಲ್ಲಿ. “ಈ ವರ್ಷ ಮಳೆ ಚೆನ್ನಾಗಿತ್ತು, ಆದರೂ ಕಾಯಿ ಕಡಿಮೆ” ಎಂದು ಕೃಷಿಕರು ಆಶ್ಚರ್ಯಪಡುವುದಕ್ಕೆ ಇದೇ ಕಾರಣ. ಮರವು ಹಿಂದಿನ ಸಾಲವನ್ನು ಇಂದು ತೀರಿಸುತ್ತಿದೆ.

ಸಂಶೋಧಕರಿಗೂ ಇದರಿಂದ ಒಂದು ಕಟ್ಟುಪಾಡು ಒದಗಿತು. ಗೊಬ್ಬರ ಹಾಕಿ ಮರುವರ್ಷವೇ ಫಲವನ್ನು ಎಣಿಸಿ ತೀರ್ಪು ಹೇಳುವಂತಿಲ್ಲ. ಪ್ರಯೋಗಕ್ಕೆ ಮೊದಲೇ ಪ್ರತಿ ಮರದ ಇಳುವರಿಯನ್ನು ಕೆಲವು ವರ್ಷ ಬರೆದಿಡಬೇಕು; ಪ್ರಯೋಗ ಆರಂಭಿಸಿ ಮೂರು ನಾಲ್ಕು ವರ್ಷ ಕಾಯಬೇಕು; ಆಮೇಲೆ ಬರುವ ಅಂಕಿಗಳಿಗಷ್ಟೇ ಬೆಲೆ. ಸ್ಥಳದ ತೊಂದರೆಯೂ ಕಡಿಮೆಯದಲ್ಲ. ಏಳೂವರೆ ಮೀಟರು ಅಂತರದಲ್ಲಿ ನೆಟ್ಟರೆ ಒಂದು ಹೆಕ್ಟೇರಿನಲ್ಲಿ ಹಿಡಿಸುವುದು ಸುಮಾರು 177 ತೆಂಗಿನ ಮರಗಳು ಮಾತ್ರ. ಅಷ್ಟೇ ಜಾಗದಲ್ಲಿ ಭತ್ತದ ಬುಡಗಳು ಲಕ್ಷಗಟ್ಟಲೆ ನಿಲ್ಲುತ್ತವೆ. ಸಂಖ್ಯೆ ಕಡಿಮೆಯಾದಷ್ಟೂ ಆಕಸ್ಮಿಕದ ಪಾಲು ಹೆಚ್ಚುವುದೆಂಬುದು ಗಣಿತ ಕಲಿತವರಿಗೆ ತಿಳಿದೇ ಇದೆ. ಆದುದರಿಂದ ತೆಂಗಿನ ತೋಟದಲ್ಲಿ ಒಂದೊಂದು ಮರಕ್ಕೂ ಅದರದೇ ಸಂಖ್ಯೆ, ಅದರದೇ ಜಾತಕ.

1932ರ ಸಂಕರ

ತೆಂಗಿನಲ್ಲಿ ಎತ್ತರ ಮತ್ತು ಗಿಡ್ಡವೆಂಬ ಎರಡು ಮುಖ್ಯ ವರ್ಗಗಳುಂಟು. ಎತ್ತರದ ಮರ ಅರುವತ್ತು ವರ್ಷಗಳಿಗೂ ಮೇಲ್ಪಟ್ಟು ಬಾಳುತ್ತದೆ, ಒಳ್ಳೆಯ ಕೊಬ್ಬರಿ ಕೊಡುತ್ತದೆ. ಆದರೆ ತಡವಾಗಿ ಫಲಕ್ಕೆ ಬರುತ್ತದೆ. ಗಿಡ್ಡ ಮರ ಬೇಗ ಫಲ ಬಿಡುತ್ತದೆ. ಆದರೆ ಅದರ ಕೊಬ್ಬರಿ ತೆಳು, ಆಯುಸ್ಸು ಕಡಿಮೆ, ಬರವನ್ನು ತಾಳಲಾರದು. ಎರಡರ ಗುಣಗಳನ್ನೂ ಒಂದೇ ಮರದಲ್ಲಿ ಕೂಡಿಸಬಹುದೇ?

1932ರಲ್ಲಿ ನೀಲೇಶ್ವರದ ಕೇಂದ್ರದಲ್ಲಿ ಜೆ. ಎಸ್. ಪಟೇಲರು ಪಶ್ಚಿಮ ಕರಾವಳಿಯ ಎತ್ತರ ತಳಿಯ ಹೆಣ್ಣುಹೂವಿಗೆ ಚಾವಕ್ಕಾಡಿನ ಗಿಡ್ಡ ತಳಿಯ ಪರಾಗವನ್ನು ಸೇರಿಸಿದರು. ಹೀಗೆ ಹುಟ್ಟಿದ ಸಸಿಗಳು ತಾಯಿತಂದೆಗಳೆರಡಕ್ಕಿಂತಲೂ ಹುರುಪಿನಿಂದ ಬೆಳೆದು ಬೇಗನೆ ಫಲಕ್ಕೆ ಬಂದುವು. ತೆಂಗಿನಲ್ಲಿ ಸಂಕರದ ಕಸುವನ್ನು ಜಗತ್ತಿಗೆ ಮೊದಲು ತೋರಿಸಿಕೊಟ್ಟ ಪ್ರಯೋಗ ಇದು. 1937ರಲ್ಲಿ ಅವರು ಇದನ್ನು ಪ್ರಕಟಪಡಿಸಿದರು. ಮರುವರ್ಷ ಅವರು ತೆಂಗಿನ ಬಗ್ಗೆ ಬರೆದ ಗ್ರಂಥ ಬಹುಕಾಲ ಈ ಕ್ಷೇತ್ರದ ಆಕರವಾಗಿತ್ತು.

ಸಂಕರ ಮಾಡುವ ಕ್ರಮವನ್ನು ಸಂಕ್ಷೇಪವಾಗಿ ತಿಳಿಯೋಣ. ತೆಂಗಿನ ಒಂದೇ ಹೊಂಬಾಳೆಯಲ್ಲಿ ಗಂಡುಹೂಗಳು ಸಾವಿರಾರು, ಹೆಣ್ಣುಹೂಗಳು ಕೆಲವೇ ಹತ್ತು. ಎತ್ತರ ತಳಿಯಲ್ಲಿ ಗಂಡುಹೂಗಳು ಉದುರಿ ಮುಗಿದ ಮೇಲೆಯೇ ಹೆಣ್ಣುಹೂಗಳು ಪರಾಗಕ್ಕೆ ಸಿದ್ಧವಾಗುವುವಾದ್ದರಿಂದ ಪರಾಗ ಬೇರೆ ಹೊಂಬಾಳೆಯಿಂದ, ಹೆಚ್ಚಾಗಿ ಬೇರೆ ಮರದಿಂದಲೇ, ಬರಬೇಕು. ಎತ್ತರ ತಳಿಯ ಮರಗಳಲ್ಲಿ ಎರಡು ಒಂದೇ ತೆರನಾಗಿರದಿರುವುದಕ್ಕೆ ಇದೇ ಹೇತು. ಗಿಡ್ಡ ತಳಿಯಲ್ಲಿ ಎರಡೂ ಬಗೆಯ ಹೂಗಳ ಕಾಲ ಒಂದರ ಮೇಲೊಂದು ಬೀಳುವುದರಿಂದ ಅದು ಬಹುಮಟ್ಟಿಗೆ ತನ್ನ ಪರಾಗದಿಂದಲೇ ಫಲಿಸುತ್ತದೆ. ಸಂಕರಕಾರನು ಮರವನ್ನೇರಿ, ಗಂಡುಹೂಗಳು ಅರಳುವ ಮೊದಲೇ ಅವನ್ನೆಲ್ಲ ಕಿತ್ತು, ಹೊಂಬಾಳೆಗೆ ಚೀಲ ಕಟ್ಟಿ, ಹೆಣ್ಣುಹೂ ಪಕ್ವವಾದ ದಿನಗಳಲ್ಲಿ ಬೇಕಾದ ಪರಾಗವನ್ನು ಲೇಪಿಸಬೇಕು. ಹೀಗೆ ಒಂದು ಹೊಂಬಾಳೆಯಿಂದ ದೊರೆಯುವುದು ಬೆರಳೆಣಿಕೆಯ ಸಂಕರ ಕಾಯಿಗಳು. ಸಂಕರ ಸಸಿಗಳು ಎಂದೂ ಸಾಕಷ್ಟು ದೊರೆಯುವುದಿಲ್ಲವೆಂದು ಕೃಷಿಕರು ದೂರುವುದರ ಮೂಲ ಇಲ್ಲಿದೆ.

ಮುಂದೆ ಕಾಸರಗೋಡಿನಲ್ಲಿ ಗಿಡ್ಡ ಮರವನ್ನೇ ತಾಯಿಯಾಗಿ ಮಾಡಿ ಸಂಕರಗಳನ್ನು ಪಡೆದರು. ಚಾವಕ್ಕಾಡಿನ ಕಿತ್ತಳೆ ಬಣ್ಣದ ಗಿಡ್ಡ ತಾಯಿಗೆ ಪಶ್ಚಿಮ ಕರಾವಳಿಯ ಎತ್ತರ ತಂದೆಯನ್ನು ಕೂಡಿಸಿದ “ಚಂದ್ರಸಂಕರ” ಪ್ರಸಿದ್ಧವಾದುದು. ಇದರಲ್ಲಿ ಮೆಂಡಲನ ನಿಯಮದ ಒಂದು ಸೊಗಸಾದ ಉಪಯೋಗವಿದೆ. ಕಿತ್ತಳೆ ಬಣ್ಣವು ಅಪ್ರಬಲ ಗುಣ. ಎಚ್ಚರ ತಪ್ಪಿ ತಾಯಿಯ ಪರಾಗವೇ ತಗಲಿದ್ದರೆ ಸಸಿಯ ದಂಟು ಕಿತ್ತಳೆ ಬಣ್ಣದ್ದಾಗಿರುತ್ತದೆ; ಎತ್ತರ ತಂದೆಯ ಪರಾಗ ತಗಲಿದ್ದರೆ ಬಣ್ಣ ಬೇರೆ. ಹದಿನೈದು ವರ್ಷ ಕಾಯುವ ಬದಲು ಸಸಿಮಡಿಯಲ್ಲೇ ನಿಂತು, ದಂಟಿನ ಬಣ್ಣ ನೋಡಿ, ಸಂಕರವಲ್ಲದ್ದನ್ನು ಕಿತ್ತೊಗೆಯಬಹುದು. ಇನ್ನೊಂದು ಮಾತು: ಸಂಕರ ಮರದ ಕಾಯಿಯನ್ನೇ ಬಿತ್ತಕ್ಕೆ ಇಟ್ಟುಕೊಳ್ಳುವವರಿದ್ದಾರೆ. ಮುಂದಿನ ಪೀಳಿಗೆಯಲ್ಲಿ ಗುಣಗಳು ಒಡೆದು ಬೇರೆಬೇರೆಯಾಗುವುವಾದ್ದರಿಂದ ಆ ಸಸಿಗಳು ತಾಯಿಯಂತೆ ಇರುವುದಿಲ್ಲ.

ವಿಟ್ಲದ ಕೇಂದ್ರ

ಸ್ವಾತಂತ್ರ್ಯದ ಆಸುಪಾಸಿನಲ್ಲಿ ಒಂದೊಂದು ಬೆಳೆಗೆ ಒಂದೊಂದು ಸಮಿತಿಯನ್ನು ನೇಮಿಸಿ, ಅದರ ಮೂಲಕ ಸಂಶೋಧನೆಯನ್ನು ನಡೆಸುವ ಪದ್ಧತಿ ಇತ್ತು. 1945ರಲ್ಲಿ ಭಾರತೀಯ ಕೇಂದ್ರ ತೆಂಗು ಸಮಿತಿ, 1949ರಲ್ಲಿ ಭಾರತೀಯ ಕೇಂದ್ರ ಅಡಿಕೆ ಸಮಿತಿ ಏರ್ಪಟ್ಟುವು. ಕಾಸರಗೋಡಿನ ಕೇಂದ್ರ ತೆಂಗು ಸಮಿತಿಯ ಆಶ್ರಯಕ್ಕೆ ಬಂದಿತು. ಅಡಿಕೆ ಸಮಿತಿಯು 1956ರಲ್ಲಿ ವಿಟ್ಲದಲ್ಲಿ ಕೇಂದ್ರೀಯ ಅಡಿಕೆ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿತು. ಕರ್ನಾಟಕದ ಹಿರೇಹಳ್ಳಿ, ಕೇರಳದ ಪಾಲೋಡ್ ಮತ್ತು ಕಣ್ಣಾರ, ಪಶ್ಚಿಮ ಬಂಗಾಳದ ಮೋಹಿತನಗರ, ಅಸ್ಸಾಮಿನ ಕಾಹಿಕುಚಿಗಳಲ್ಲಿ ಇದರ ಉಪಕೇಂದ್ರಗಳು ತೆರೆದುವು. ಅದೇ 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಕಾಸರಗೋಡು ಕೇರಳಕ್ಕೆ, ದಕ್ಷಿಣ ಕನ್ನಡದ ಉಳಿದ ಭಾಗ ಮೈಸೂರು ರಾಜ್ಯಕ್ಕೆ ಸೇರಿದುವು. ಗಡಿಗೆರೆ ಎರಡು ಕೇಂದ್ರಗಳ ನಡುವೆ ಹಾದುಹೋಯಿತು. ಮರಗಳಿಗೂ ಅವುಗಳ ರೋಗಗಳಿಗೂ ಆ ಗೆರೆ ತಿಳಿಯದು.

ಅಡಿಕೆ ಬೆಳೆಗಾರನ ಹಳೆಯ ಶತ್ರು ಕೊಳೆರೋಗ. ನಮ್ಮ ಕಡೆ ಇದಕ್ಕೆ ಮಹಾಳಿಯೆಂದೂ ಹೆಸರು. ಆಷಾಢದ ಮಳೆ ಹಿಡಿದು ಬಿಡದೆ ಸುರಿಯುವಾಗ ಗೊನೆಯಲ್ಲಿನ ಎಳೆಯಡಿಕೆ ನೀರು ತುಂಬಿದಂತೆ ಕೊಳೆತು ಉದುರುತ್ತದೆ. ಹಿಂದೆ ಗೊನೆಗಳಿಗೆ ಹುಲ್ಲಿನ ಕೊಟ್ಟೆ ಕಟ್ಟಿ ಮಳೆಯಿಂದ ಮರೆಮಾಡುತ್ತಿದ್ದರು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ನರು ಈ ರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಗುರುತಿಸಿ 1910ರಲ್ಲಿ ವಿವರಿಸಿದರು; ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ ಬಳಕೆಗೆ ಬಂದಿದ್ದ ಬೋರ್ಡೊ ದ್ರಾವಣವನ್ನು ಅಡಿಕೆಗೆ ಸಿಂಪಡಿಸುವ ಕ್ರಮವನ್ನು ಆಚರಣೆಗೆ ತಂದರು. ಶತಮಾನ ಕಳೆದರೂ ನಮ್ಮ ತೋಟಗಳಲ್ಲಿ ಆ ದ್ರಾವಣಕ್ಕೇ ಮೊದಲ ಸ್ಥಾನ.

ಅದನ್ನು ತಯಾರಿಸುವುದರಲ್ಲಿ ಶಾಲೆಯ ರಸಾಯನಶಾಸ್ತ್ರವಿದೆ. ನೂರು ಲೀಟರು ನೀರಿಗೆ ಒಂದು ಕಿಲೋಗ್ರಾಂ ಮೈಲುತುತ್ತು, ಒಂದು ಕಿಲೋಗ್ರಾಂ ಸುಣ್ಣ. ಎರಡನ್ನೂ ಬೇರೆಬೇರೆ ಕರಗಿಸಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಸುರಿಯಬೇಕು. ಪಾಕ ಸರಿಯಾಯಿತೇ ಎಂದು ಅರಿಯಲು ಉಜ್ಜಿದ ಕಬ್ಬಿಣದ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತಾರೆ. ಕತ್ತಿಗೆ ಕೆಂಪು ತಾಮ್ರ ಅಂಟಿದರೆ ಕರಗಿದ ತಾಮ್ರ ಇನ್ನೂ ಉಳಿದಿದೆಯೆಂದು ಅರ್ಥ. ಅಂಥ ದ್ರಾವಣ ಎಳೆಯ ಅಂಗಗಳನ್ನು ಸುಡುತ್ತದೆ, ಆದುದರಿಂದ ಇನ್ನಷ್ಟು ಸುಣ್ಣ ಬೇಕು. ಕಬ್ಬಿಣವು ತಾಮ್ರವನ್ನು ಅದರ ಲವಣದಿಂದ ಹೊರಗಟ್ಟುವುದೆಂಬ ಪಾಠವನ್ನು ಓದದ ಕೃಷಿಕರು ಸಹ ಈ ಪರೀಕ್ಷೆಯನ್ನು ತಪ್ಪದೆ ಮಾಡುತ್ತಾರೆ. ಮಳೆಗಾಲ ಹಿಡಿಯುವ ಮೊದಲು ಒಮ್ಮೆ, 40–45 ದಿನಗಳ ಬಳಿಕ ಇನ್ನೊಮ್ಮೆ ಸಿಂಪಡಿಸಬೇಕು. ಜಾರುವ ಮರವನ್ನೇರಿ ಮಾಡುತ್ತಿದ್ದ ಈ ಅಪಾಯದ ಕೆಲಸವನ್ನು ಇತ್ತೀಚಿನ ವರ್ಷಗಳಲ್ಲಿ ಹಗುರವೂ ಬಿಗುವೂ ಆದ ಕಾರ್ಬನ್ ನಾರಿನ ದೋಟಿಯಿಂದ ನೆಲದ ಮೇಲೆ ನಿಂತೇ ಮಾಡುವುದು ಸಾಧ್ಯವಾಗಿದೆ.

ವಿಟ್ಲದವರ ಇನ್ನೊಂದು ಕೆಲಸ ತಳಿಗಳ ಆಯ್ಕೆ. ದೇಶವಿದೇಶಗಳಿಂದ ಅಡಿಕೆಯ ಬೀಜ ತರಿಸಿ, ಬೆಳೆಸಿ, ವರ್ಷಗಟ್ಟಲೆ ತೂಗಿ ನೋಡಿದರು. ಚೀನಾದಿಂದ ಬಂದ ತಳಿಯಿಂದ ಆರಿಸಿದ “ಮಂಗಳ” 1972ರಲ್ಲಿ ಬಿಡುಗಡೆಯಾಯಿತು. ಬೇಗ ಫಲಕ್ಕೆ ಬರುವ ಗಿಡ್ಡಗಾತ್ರದ ಈ ತಳಿ ನಮ್ಮ ಜಿಲ್ಲೆಯಲ್ಲಿ ಬಹುಬೇಗ ಮನೆಮಾತಾಯಿತು. ಇಂಡೋನೇಶಿಯದ ಮೂಲದ “ಸುಮಂಗಳ”, ಸಿಂಗಾಪುರದ ಮೂಲದ “ಶ್ರೀಮಂಗಳ”, ಬಂಗಾಳದ ಮೂಲದ “ಮೋಹಿತನಗರ” ಅನಂತರ ಬಂದುವು. ಹಿರೇಹಳ್ಳಿಯಲ್ಲಿ ಪ್ರಕೃತಿಯೇ ಗಿಡ್ಡವಾಗಿಸಿದ ಒಂದು ಅಡಿಕೆ ದೊರೆಯಿತು. ಅದರ ಫಲ ಮಾರಾಟಕ್ಕೆ ಯೋಗ್ಯವಲ್ಲದಿದ್ದರೂ, ಒಳ್ಳೆಯ ತಳಿಗಳೊಡನೆ ಕೂಡಿಸಿ ಗಿಡ್ಡ ಸಂಕರಗಳನ್ನು ಪಡೆದರು. ಮರವೇರುವವರು ಸಿಗದ ಈ ಕಾಲದಲ್ಲಿ ಎತ್ತರವನ್ನು ಕುಗ್ಗಿಸುವುದೇ ಒಂದು ದೊಡ್ಡ ಉಪಕಾರ.

ಒಂದೇ ಸಂಸ್ಥೆ

1960ರ ದಶಕದ ನಡುವಿನಲ್ಲಿ ಬೆಳೆವಾರು ಸಮಿತಿಗಳು ರದ್ದಾಗಿ, ಸಂಶೋಧನೆಯ ಹೊಣೆ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿಗೆ ಬಂದಿತು. 1970ರಲ್ಲಿ ಕಾಸರಗೋಡು ಹಾಗೂ ಕಾಯಂಕುಳದ ತೆಂಗಿನ ಕೇಂದ್ರಗಳನ್ನು, ವಿಟ್ಲದ ಅಡಿಕೆ ಕೇಂದ್ರವನ್ನು ಮತ್ತು ಅದರ ಉಪಕೇಂದ್ರಗಳನ್ನು ಒಟ್ಟುಗೂಡಿಸಿ ಈಗಿನ ಸಂಸ್ಥೆಯನ್ನು ರಚಿಸಿದರು. ಕೊಕ್ಕೋ, ಗೇರು, ಸಾಂಬಾರ ಬೆಳೆಗಳು, ಎಣ್ಣೆತಾಳೆ ಇವೂ ಅದರ ಪಾಲಿಗೆ ಬಂದುವು. ಈ ಮನೆಯಿಂದ ಮುಂದೆ ಬೇರೆ ಮನೆಗಳು ಕವಲೊಡೆದುವು: 1986ರಲ್ಲಿ ಸಾಂಬಾರ ಬೆಳೆಗಳಿಗೆ ಕೋಳಿಕ್ಕೋಡಿನಲ್ಲಿ, ಅದೇ ವರ್ಷ ಗೇರಿಗೆ ನಮ್ಮ ಪುತ್ತೂರಿನಲ್ಲಿ, 1995ರಲ್ಲಿ ಎಣ್ಣೆತಾಳೆಗೆ ಆಂಧ್ರದ ಪೆದವೇಗಿಯಲ್ಲಿ ಪ್ರತ್ಯೇಕ ರಾಷ್ಟ್ರೀಯ ಕೇಂದ್ರಗಳು ಸ್ಥಾಪನೆಯಾದುವು.

ಸಂಸ್ಥೆ ಒಂದಾದುದರಿಂದ ಒದಗಿದ ಲಾಭಗಳಲ್ಲಿ ಮಿಶ್ರಬೆಳೆಯ ಅಧ್ಯಯನ ಮುಖ್ಯವಾದುದು. ತೆಂಗಿನ ಬುಡವನ್ನು ಅಗೆದು ಬೇರುಗಳನ್ನು ಅಳೆದಾಗ, ಚೆನ್ನಾಗಿ ಸಾಕಿದ ಮರದ ಬೇರುಗಳಲ್ಲಿ ಮುಕ್ಕಾಲು ಪಾಲು ಬುಡದಿಂದ ಎರಡು ಮೀಟರಿನ ಒಳಗೇ ಇರುವುದು ಕಂಡುಬಂತು. ಲೆಕ್ಕ ಸರಳ. ಒಂದು ಮರಕ್ಕೆ ನಾವು ಬಿಡುವ ಜಾಗ 7.5 ಮೀಟರು ಉದ್ದಗಲದ ಚೌಕ, ಎಂದರೆ ಸುಮಾರು 56 ಚದರ ಮೀಟರು. ಎರಡು ಮೀಟರು ತ್ರಿಜ್ಯದ ವೃತ್ತದ ವಿಸ್ತೀರ್ಣ ಸುಮಾರು 12.6 ಚದರ ಮೀಟರು. ಅರ್ಥಾತ್, ಮರವು ನೆಲದ ಕಾಲು ಭಾಗಕ್ಕಿಂತಲೂ ಕಡಿಮೆ ಜಾಗದಲ್ಲಿ ತನ್ನ ಬಹುಪಾಲು ಆಹಾರವನ್ನು ಹುಡುಕುತ್ತದೆ. ಉಳಿದ ಮಣ್ಣು ಮತ್ತು ಮಡಲುಗಳ ನಡುವೆ ಇಳಿದು ಬರುವ ಬಿಸಿಲು ಬೇರೆ ಬೆಳೆಗಳಿಗೆ ಸಲ್ಲಬಹುದಲ್ಲವೇ? ತೆಂಗಿನ ಕಾಂಡಕ್ಕೆ ಕಾಳುಮೆಣಸಿನ ಬಳ್ಳಿ, ಸಾಲುಗಳ ನಡುವೆ ಕೊಕ್ಕೋ, ನೆಲದಲ್ಲಿ ಅನಾನಸು: ಹೀಗೆ ಬೇರೆಬೇರೆ ಎತ್ತರದಲ್ಲಿ ಬಿಸಿಲನ್ನೂ ಬೇರೆಬೇರೆ ಆಳದಲ್ಲಿ ನೀರನ್ನೂ ಬಳಸುವ ಬೆಳೆಗಳ ಕೂಟವನ್ನು ಕಾಸರಗೋಡಿನಲ್ಲಿ ರೂಪಿಸಿದರು. ನಮ್ಮ ಹಿರಿಯರ ಮನೆಯಂಗಳದ ತೋಟವೂ ಹೀಗೆಯೇ ಇತ್ತೆಂಬುದು ನಿಜ. ಯಾವುದನ್ನು ಎಷ್ಟು ಅಂತರದಲ್ಲಿ, ಮರಕ್ಕೆ ಎಷ್ಟು ವಯಸ್ಸಾದಾಗ ನೆಡಬೇಕೆಂಬುದಕ್ಕೆ ಅಳತೆ ದೊರೆತದ್ದು ಈಗ. ಎಂಟರಿಂದ ಇಪ್ಪತ್ತೈದು ವರ್ಷ ವಯಸ್ಸಿನ ತೆಂಗಿನ ತೋಟದಲ್ಲಿ ನೆರಳು ದಟ್ಟ. ಮರ ಎತ್ತರವಾದಂತೆ ಬೆಳಕು ಮತ್ತೆ ನೆಲಕ್ಕಿಳಿಯುತ್ತದೆ.

ಅಡಿಕೆ ತೋಟದ ನಡುವೆ ಕೊಕ್ಕೋ ಬೆಳೆಯಬಹುದೆಂದು ವಿಟ್ಲದ ಪ್ರಯೋಗಗಳು ತೋರಿಸಿಕೊಟ್ಟುವು. ಅನೇಕರು ನಂಬಿ ನೆಟ್ಟರು. ಆದರೆ 1980ರ ದಶಕದ ಆರಂಭದಲ್ಲಿ ಕೊಕ್ಕೋವಿನ ಬೆಲೆ ಕುಸಿದಾಗ ಕೃಷಿಕರು ಕಂಗೆಟ್ಟರು. ಕೆಲವರು ಗಿಡಗಳನ್ನು ಕಡಿದುಹಾಕಿದರು. ಆಗ ನೆರವಿಗೆ ಬಂದುದು ಸಹಕಾರ. 1973ರಲ್ಲಿ ಅಡಿಕೆ ಬೆಳೆಗಾರರಿಗಾಗಿ ಮಂಗಳೂರಿನಲ್ಲಿ ಸ್ಥಾಪನೆಯಾಗಿದ್ದ ಕ್ಯಾಂಪ್ಕೋ ಸಂಸ್ಥೆ ಕೊಕ್ಕೋ ಖರೀದಿಗೂ ಇಳಿದು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನು ತೆರೆಯಿತು. ಪ್ರಯೋಗಶಾಲೆ ಕೊಟ್ಟ ಗಿಡವು ಕೃಷಿಕನ ಬದುಕಾಗಬೇಕಾದರೆ ಅದರ ಹಿಂದೆ ಮಾರುಕಟ್ಟೆಯೂ ನಿಂತಿರಬೇಕು.

ಕಾಣದ ಶತ್ರು

ಈ ಸಂಸ್ಥೆಯ ಇತಿಹಾಸದಲ್ಲಿ ಅತಿ ದೀರ್ಘವಾದ ಅಧ್ಯಾಯ ರೋಗಗಳದು. 1882ರ ಮಹಾಪ್ರವಾಹದ ಬಳಿಕ ತಿರುವಾಂಕೂರು ಸೀಮೆಯ ತೆಂಗಿನ ಮರಗಳಲ್ಲಿ ಒಂದು ವಿಚಿತ್ರ ರೋಗ ಕಾಣಿಸಿಕೊಂಡಿತು. ಎಲೆಗಳು ಜೋಲುತ್ತವೆ, ಹಳದಿಯಾಗುತ್ತವೆ, ಬೇರುಗಳು ಕೊಳೆಯುತ್ತವೆ. ಮರ ಸಾಯುವುದಿಲ್ಲ, ಆದರೆ ಬರಬರುತ್ತ ಬರಡಾಗುತ್ತದೆ. ಬೇರು ಸೊರಗು ರೋಗವೆಂದು ಇದನ್ನು ಕರೆದರು. ಕಾಯಂಕುಳದ ಕೇಂದ್ರ ಸ್ಥಾಪನೆಯಾದುದೇ ಇದರ ಅಧ್ಯಯನಕ್ಕೆ. ಶಿಲೀಂಧ್ರವೇ, ಬ್ಯಾಕ್ಟೀರಿಯವೇ, ವೈರಸ್ಸೇ, ಮಣ್ಣಿನ ಕೊರತೆಯೇ ಎಂದು ಒಂದೊಂದನ್ನೇ ಶಂಕಿಸಿ ಪರೀಕ್ಷಿಸುತ್ತ ದಶಕಗಳೇ ಉರುಳಿದುವು.

ಉತ್ತರಕ್ಕೆ ಭೌತವಿಜ್ಞಾನದ ಉಪಕರಣವೊಂದು ಬೇಕಾಯಿತು. ಕಣ್ಣಿಗೆ ಕಾಣುವ ಬೆಳಕಿನ ಅಲೆಯ ಉದ್ದ 400ರಿಂದ 700 ನ್ಯಾನೊಮೀಟರು. ಒಂದು ನ್ಯಾನೊಮೀಟರೆಂದರೆ ಮೀಟರಿನ ನೂರು ಕೋಟಿಯಲ್ಲೊಂದು ಭಾಗ. ಅಲೆಯ ಉದ್ದದ ಸುಮಾರು ಅರ್ಧಕ್ಕಿಂತ ಚಿಕ್ಕದಾದ ವಿವರಗಳನ್ನು, ಮಸೂರಗಳು ಎಷ್ಟೇ ಶ್ರೇಷ್ಠವಾಗಿರಲಿ, ಬೆಳಕಿನ ಸೂಕ್ಷ್ಮದರ್ಶಕ ಬಿಡಿಸಿ ತೋರಿಸಲಾರದು. 60,000 ವೋಲ್ಟುಗಳಿಂದ ದೂಡಲ್ಪಟ್ಟ ಇಲೆಕ್ಟ್ರಾನಿನ ಅಲೆಯ ಉದ್ದವಾದರೋ 0.005 ನ್ಯಾನೊಮೀಟರು ಮಾತ್ರ. ಈ ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ 1967ರಲ್ಲಿ ಜಪಾನಿನ ವಿಜ್ಞಾನಿಗಳು ರೋಗಪೀಡಿತ ಹಿಪ್ಪುನೇರಳೆಯ ಆಹಾರನಾಳಗಳಲ್ಲಿ ಕೋಶಭಿತ್ತಿಯೇ ಇಲ್ಲದ ಒಂದು ಬಗೆಯ ಅತಿ ಸಣ್ಣ ಜೀವಿಗಳನ್ನು ಕಂಡರು. ಅವಕ್ಕೆ ಈಗ ಫೈಟೋಪ್ಲಾಸ್ಮವೆಂದು ಹೆಸರು. ಅದೇ ಬಗೆಯ ಜೀವಿಗಳನ್ನು ಬೇರು ಸೊರಗಿದ ತೆಂಗಿನಲ್ಲಿ ನಮ್ಮ ವಿಜ್ಞಾನಿಗಳು 1983ರಲ್ಲಿ ಗುರುತಿಸಿದರು. ಎಲೆಯ ರಸ ಹೀರುವ ಸಣ್ಣ ಕೀಟಗಳು ಅವನ್ನು ಮರದಿಂದ ಮರಕ್ಕೆ ಒಯ್ಯುತ್ತವೆಂದೂ ತಿಳಿಯಿತು. 1882ರಿಂದ 1983ರವರೆಗೆ 101 ವರ್ಷಗಳು!

ಶತ್ರುವಿನ ಹೆಸರು ತಿಳಿದಾಕ್ಷಣ ಯುದ್ಧ ಗೆದ್ದಂತಾಗುವುದಿಲ್ಲ. ಈ ಜೀವಿ ಮರದ ಆಹಾರನಾಳದೊಳಗೆ ವಾಸಿಸುವುದರಿಂದ ಮೇಲಿನಿಂದ ಔಷಧ ಸಿಂಪಡಿಸಿ ಪ್ರಯೋಜನವಿಲ್ಲ. ಅಡಿಕೆಯ ಹಳದಿ ಎಲೆ ರೋಗದ ವಿಷಯವೂ ಹಾಗೆಯೇ. ಕೇರಳದಲ್ಲಿ 1914ರಷ್ಟು ಹಿಂದೆಯೇ ಕಂಡ ಈ ರೋಗ ಸುಳ್ಯ ತಾಲೂಕಿನ ಸಂಪಾಜೆಯ ಸುತ್ತಮುತ್ತ, ಶೃಂಗೇರಿ, ಕೊಪ್ಪಗಳ ಕಡೆ ತೋಟಗಳನ್ನೇ ಅಳಿಸಿದೆ. ಸೋಗೆಯ ತುದಿ ಹಳದಿಯಾಗಿ, ಅಡಿಕೆಯ ತಿರುಳು ಕಪ್ಪಾಗಿ, ಕೊನೆಗೆ ತಲೆಯೇ ಕುಗ್ಗುತ್ತದೆ. ತಾತ ನೆಟ್ಟ ತೋಟದಿಂದ ಮಕ್ಕಳ ಶಾಲೆಯ ಫೀಸು ಕಟ್ಟುತ್ತಿದ್ದ ಮನೆಯಲ್ಲಿ, ಕಣ್ಣೆದುರೇ ಗೊನೆಗಳು ಕಡಿಮೆಯಾಗುತ್ತ ಬಂದು, ಏನನ್ನು ನೆಡುವುದೆಂದು ತೋಚದೆ ಕುಳಿತಿರುವವರು ಇಂದಿಗೂ ಇದ್ದಾರೆ. ಅವರಿಗೆ ಹದಿನೈದು ವರ್ಷ ಕಾಯಿರೆಂದು ಹೇಳುವುದು ಸುಲಭವಲ್ಲ.

ಹಾಗಿದ್ದರೂ ಸಂಶೋಧಕರು ಹಿಡಿದಿರುವ ದಾರಿ ಅದೇ. ರೋಗ ದಟ್ಟವಾಗಿ ಹಬ್ಬಿದ ತೋಟದಲ್ಲಿ ನೂರಾರು ಮರಗಳು ಸೊರಗಿದ್ದರೂ ಎಲ್ಲೋ ಒಂದು ಮರ ಹಸುರಾಗಿ ನಿಂತಿರುತ್ತದೆ. ಅದು ಅದೃಷ್ಟದಿಂದ ಉಳಿದುದೇ, ಇಲ್ಲವೆ ಅದರ ರಕ್ತದಲ್ಲೇ ರಕ್ಷೆಯಿದೆಯೇ? ಅಂಥ ಮರಗಳನ್ನು ಹುಡುಕಿ, ರೋಗಾಣು ಇಲ್ಲವೆಂದು ಪರೀಕ್ಷಿಸಿ, ಅವುಗಳ ಸಂತತಿಯನ್ನು ರೋಗವಿರುವ ನಾಡಿನಲ್ಲೇ ಬೆಳೆಸಿ ನೋಡಬೇಕು. ತೆಂಗಿನಲ್ಲಿ ಈ ಕ್ರಮ ಫಲ ಕೊಟ್ಟಿದೆ. ರೋಗವನ್ನು ತಾಳಬಲ್ಲ “ಕಲ್ಪರಕ್ಷಾ”, “ಕಲ್ಪಶ್ರೀ”, “ಕಲ್ಪಸಂಕರ” ತಳಿಗಳು ಹೀಗೆ ದೊರೆತವು. ಅಡಿಕೆಯಲ್ಲಿಯೂ ಇದೇ ಹುಡುಕಾಟ ನಡೆದಿದೆ.

ಕೀಟಗಳ ಮೇಲಿನ ಹೋರಾಟದಲ್ಲಿ ಮಾತ್ರ ಜಯ ಬೇಗ ದೊರೆತ ಉದಾಹರಣೆಗಳುಂಟು. ತೆಂಗಿನ ಸುಳಿಯನ್ನು ಕೊರೆಯುವ ಕುರುವಾಯಿ ದುಂಬಿಗೆ ರೋಗ ತರುವ ಒಂದು ವೈರಸ್ಸನ್ನು 1960ರ ದಶಕದಲ್ಲಿ ಮಲಯಾದಲ್ಲಿ ಕಂಡುಹಿಡಿದಿದ್ದರು. ಸೋಂಕು ತಗಲಿಸಿದ ದುಂಬಿಗಳನ್ನು 1980ರ ದಶಕದಲ್ಲಿ ಲಕ್ಷದ್ವೀಪದ ಮಿನಿಕಾಯ್ ದ್ವೀಪದಲ್ಲಿ ಬಿಟ್ಟಾಗ, ಅವೇ ತಮ್ಮ ಬಳಗಕ್ಕೆ ಸೋಂಕನ್ನು ಹರಡಿ ದುಂಬಿಗಳ ಹಾವಳಿ ಬಹಳಷ್ಟು ತಗ್ಗಿತು.

ಕಿದುವಿನ ಬೀಜಭಂಡಾರ

ತಳಿಗಳ ಹುಡುಕಾಟಕ್ಕೆ ಸರಕು ಬೇಕು. 1924ರಿಂದಲೇ ಕಾಸರಗೋಡಿಗೆ ಹೊರದೇಶಗಳ ತೆಂಗಿನ ತಳಿಗಳನ್ನು ತರಿಸಲು ಆರಂಭಿಸಿದ್ದರು. ಇಂದು ಸಂಸ್ಥೆಯಲ್ಲಿರುವ ದೇಶವಿದೇಶಗಳ ತೆಂಗಿನ ಸಂಗ್ರಹಗಳು 400ಕ್ಕೂ ಮಿಕ್ಕಿವೆ. ಭತ್ತದ ಬೀಜವನ್ನು ಒಣಗಿಸಿ, ತಂಪಿನಲ್ಲಿಟ್ಟು, ಡಬ್ಬಿಯಲ್ಲಿ ವರ್ಷಗಟ್ಟಲೆ ಕಾಪಾಡಬಹುದು. ತೆಂಗಿನಕಾಯಿ ಒಣಗಿದರೆ ಸಾಯುತ್ತದೆ, ತೀರ ತಂಪಾದರೂ ಸಾಯುತ್ತದೆ. ಆದುದರಿಂದ ತೆಂಗಿನ ಬೀಜಭಂಡಾರವೆಂದರೆ ಜೀವಂತ ಮರಗಳ ತೋಟವೇ. ಅಂಥ ಭಂಡಾರ ನಮ್ಮ ಜಿಲ್ಲೆಯಲ್ಲೇ, ಸುಬ್ರಹ್ಮಣ್ಯದ ಸಮೀಪದ ಕಿದುವಿನಲ್ಲಿದೆ. ದಕ್ಷಿಣ ಏಷ್ಯದ ಅಂತರರಾಷ್ಟ್ರೀಯ ತೆಂಗು ತಳಿಭಂಡಾರವೆಂಬ ಮಾನ್ಯತೆ ಅದಕ್ಕಿದೆ. ಅಲ್ಲಿನ ಮರಗಳಲ್ಲಿ ಹಲವು ಇಂದು ನಮಗೆ ನಿರುಪಯೋಗಿಯೆಂದು ತೋರಬಹುದು. ಐವತ್ತು ವರ್ಷಗಳ ಬಳಿಕ ಬರುವ ಹೊಸ ರೋಗಕ್ಕೆ ಮದ್ದು ಅವುಗಳಲ್ಲಿ ಯಾವುದರಲ್ಲಿದೆಯೆಂದು ಈಗಲೇ ಹೇಳಬಲ್ಲವರಾರು?

1916ರಲ್ಲಿ ಸಸಿ ನೆಟ್ಟವರು ಅದರ ಪೂರ್ಣ ಫಲವನ್ನು ನೋಡಲಿಲ್ಲ. 1932ರಲ್ಲಿ ಪರಾಗ ಲೇಪಿಸಿದವರಿಗೆ ಇಂದಿನ ತಳಿಗಳ ಹೆಸರೇ ತಿಳಿದಿರಲಿಲ್ಲ. ಆದರೂ ಅವರು ಪ್ರತಿ ಮರದ ಕಾಯಿಗಳನ್ನು ಎಣಿಸಿ ಬರೆದಿಟ್ಟರು, ಬಂದವರು ಮುಂದುವರಿಸಿದರು. ಒಂದು ವರ್ಷ ಎಣಿಸುವುದನ್ನು ಬಿಟ್ಟಿದ್ದರೆ, ಒಂದು ತೋಟವನ್ನು ಹಣದ ಕೊರತೆಯಿಂದ ಕಡಿದಿದ್ದರೆ, ಕಳೆದುಹೋದ ಆ ವರ್ಷಗಳನ್ನು ಯಾವ ಯಂತ್ರದಿಂದಲೂ ಮರಳಿ ಪಡೆಯುವುದು ಶಕ್ಯವಿರಲಿಲ್ಲ. ಇಂಥ ಸಂಸ್ಥೆಗಳಿಗೆ ಕೊಡುವ ಹಣವನ್ನು ವರ್ಷದ ಲೆಕ್ಕದಲ್ಲಿ ಅಳೆಯಬಾರದೆಂಬುದಕ್ಕೆ ಬೇರೆ ವಾದ ಬೇಕಿಲ್ಲ.

ನಮ್ಮ ವಿದ್ಯಾರ್ಥಿಗಳು ಮಾಡಬಹುದಾದ ಕೆಲಸವೂ ಇದೆ. ಮನೆಯ ಹಿತ್ತಿಲಲ್ಲಿರುವ ಒಂದೊಂದು ಮರಕ್ಕೂ ಸಂಖ್ಯೆ ಕೊಟ್ಟು, ತಿಂಗಳು ತಿಂಗಳು ಬಿಚ್ಚಿದ ಮಡಲನ್ನೂ ಕೊಯ್ದ ಕಾಯಿಯನ್ನೂ ಬಿದ್ದ ಮಳೆಯನ್ನೂ ಒಂದು ನೋಟುಪುಸ್ತಕದಲ್ಲಿ ಬರೆದಿಡಲಿ. ನಾಲ್ಕು ವರ್ಷಗಳ ಬಳಿಕ, ಕಾಲೇಜು ಮುಗಿಸುವ ಹೊತ್ತಿಗೆ, ಹಿಂದೊಂದು ಬೇಸಗೆಯ ಬರ ಇಂದಿನ ಗೊನೆಯಲ್ಲಿ ಹೇಗೆ ಕಾಣಿಸಿಕೊಂಡಿತೆಂಬುದನ್ನು ಅವರೇ ತಮ್ಮ ಅಂಕಿಗಳಿಂದ ಓದಬಲ್ಲರು. ನೆರೆಯ ತೋಟವೆಲ್ಲ ಹಳದಿಯಾದಾಗ ಹಸುರಾಗಿ ನಿಂತ ಒಂದು ಮರ ಕಣ್ಣಿಗೆ ಬಿದ್ದರೆ, ಅದನ್ನು ಕಡಿಯಗೊಡದೆ ವಿಟ್ಲಕ್ಕೋ ಕಾಸರಗೋಡಿಗೋ ಸುದ್ದಿ ಮುಟ್ಟಿಸಲಿ.